ಕ್ಲಿಪ್ಪು ಬಿಚ್ಚಿದ ಮಧ್ಯಾಹ್ನ

ನಿನ್ನೆ ಹಳೆಯ ಹ್ಯಾಂಡ್‌ಬ್ಯಾಗ್ ಕೊಡವುವಾಗ ಜಿಪ್ಪಿನೊಳಗಿಂದ ಮೇಣದ ಪುಟ್ಟ ಡಬ್ಬಿ ಬಿತ್ತು. ಹಲ್ಲಿನ ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚಿದರೆ ಒತ್ತಿಕೊಳ್ಳುವ ಮೇಣ. ನನ್ನದಲ್ಲ. ತೂಬಗೆರೆಯ ನಮ್ಮ ಪಕ್ಕದ ಮನೆಯ ಹುಡುಗಿಯದು...

ಅವಳ ಮುಂದಿನ ಹಲ್ಲುಗಳು ಉಬ್ಬಿದ್ದವು. ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು. ಪಿಯುಸಿಗೆ ಸೇರಿದಾಗ ಕ್ಲಿಪ್ಪು ಹಾಕಿಸಲೇಬೇಕೆಂದು ಹಟ ಹಿಡಿದಳು. ಅವಳ ತಾಯಿಗೆ ಒಂದೇ ಭಯ. ಅಣ್ಣನ ಮಗಳು ಕ್ಲಿಪ್ಪು ತೆಗೆಸಿದಾಗ ಹಲ್ಲಿನ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆಗಳು ಉಳಿದಿದ್ದವಂತೆ. ಡಾಕ್ಟರ ಹತ್ತಿರ ಇಂಗ್ಲಿಷ್ ಬೇಕಾದೀತೆಂದು ಕಾನ್ವೆಂಟಿನಲ್ಲಿ ಓದಿದ ನನ್ನನ್ನೂ ದೊಡ್ಡಬಳ್ಳಾಪುರಕ್ಕೆ ಹೊರಡಿಸಿದರು. ನೋಡಿದರೆ ಆ ಲೇಡಿ ಡಾಕ್ಟರ್ ನಮ್ಮ ಕಡೆಯವರೇ!

“ಕ್ಲಿಪ್ಪಿನ ಸುತ್ತ ಊಟ ಕೂತ್ರೆ ಹಲ್ಲಿನ ಮೇಲಿನ ಎನಾಮಲ್ ಕರಗಿ ಬಿಳಿ ಚುಕ್ಕೆ ಬೀಳತ್ತಮ್ಮ. ಮೊದ್ಲೇ ಲೇಸರ್ ಕೊಟ್ಟು ಗಟ್ಟಿ ಮಾಡ್ತೀನಿ. ಬ್ರಷ್ ಮಾಡೋದು ಮಾತ್ರ ಇವಳ ಕೆಲ್ಸ,” ಎಂದರು.

ದಪ್ಪ ಗಾಗಲ್ಸ್ ಹಾಕಿ ಮಲಗಿಸಿದಾಗ ಇವಳು ನನ್ನ ಕಡೆ ತಿರುಗಿ, “ನಂಗೆ ವೆಲ್ಡಿಂಗ್ ಮಾಡ್ತಾವ್ರೆ ಕಣಜ್ಜಿ!” ಎಂದಳು.

“ಬಾಯ್ ಮುಚ್ಚೇ,” ಎಂದರು ತಾಯಿ.

“ಮುಚ್ಚಿದ್ರೆ ಹೆಂಗಮ್ಮ ಮಾಡ್ತಾರೆ?”

ಡಾಕ್ಟರಿಗೂ ನಗು.

ಪೂರ್ ಥಿಂಗ್, ಆಮೇಲೆ ಹಲ್ಲಿಗಂಟುವ ಕಡಲೆಕಾಯಿ ಚಿಕ್ಕಿ ಮುಟ್ಟಲಿಲ್ಲ. ಮದುವೆ ಮನೆಯಲ್ಲೂ ಎಲೆಯಿಂದ ಎದ್ದವಳೇ ಬ್ರಷ್ ಹಿಡಿದು ಹಿತ್ತಲಿಗೆ ಓಡುತ್ತಿದ್ದಳು. ಕೊನೆಗೆ ಹಲ್ಲು ಸಾಲಿಗೆ ಬಂದು, ಮುಂದಿನ ವಿಸಿಟ್‌ಗೆ ಕ್ಲಿಪ್ಪು ಬಿಚ್ಚುವುದೆಂದಾಗಿತ್ತು. ಅಷ್ಟರಲ್ಲಿ ಡೆಂಗ್ಯೂ ಬಂತು... ಆಸ್ಪತ್ರೆಯಿಂದ ದೇಹ ಬಂತು.

ಮಣ್ಣು ಮಾಡುವ ಮುನ್ನ ಒಡವೆ ತೆಗೆಯುವುದು ಪದ್ಧತಿ. ಓಲೆ, ಕಾಲ್ಗೆಜ್ಜೆ ಬಿಚ್ಚುತ್ತಿದ್ದ ಅವಳ ದೊಡ್ಡಮ್ಮನ ಕೈಯನ್ನು ತಾಯಿ ಗಟ್ಟಿಯಾಗಿ ಹಿಡಿದುಕೊಂಡರು. “ಬಾಯಲ್ಲಿರೋದೂ ತೆಗ್ಸಕ್ಕ. ಕ್ಲಿಪ್ಪಿಟ್ಕೊಂಡು ಹೋಗ್ಬಾರ್ದು ನನ್ ಮಗ್ಳು.”

 ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕ್ಲಿನಿಕ್ ಬಿಟ್ಟು ಬಂದರು. ತಾಯಿಯನ್ನೂ ನನ್ನನ್ನೂ ಬಿಟ್ಟು ಉಳಿದವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿಸಿ, ಚಾಪೆಯ ಪಕ್ಕ ಮಂಡಿಯೂರಿ, ಅವಳಿಗೆ ನೋವಾದೀತೆಂಬಂತೆ ಮೆಲ್ಲಗೆ ಒಂದೊಂದೇ ಬಿಡಿಸಿದರು. ನಾನು ಟಾರ್ಚ್ ಹಿಡಿದಿದ್ದೆ. ತಾಯಿ ಸೆರಗಿನಿಂದ ಹಲ್ಲು ಒರೆಸಿ, ಬಗ್ಗಿ ನೋಡಿದರು.

“ಒಂದ್ ಚುಕ್ಕೇನೂ ಇಲ್ಲ ಡಾಕ್ಟ್ರೇ...”

ಡಾಕ್ಟರ್ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಈಗಲೂ ಸಂಜೆ ಆ ತಾಯಿ ನಮ್ಮ ಜಗುಲಿಗೆ ಬರುತ್ತಾರೆ. ಅದೂ ಇದೂ ಮಾತಾಡುತ್ತಾ ತಟ್ಟನೆ, “ಹಲ್ಲು ಎಷ್ಟ್ ಚೆನ್ನಾಗ್ ಕೂತಿದ್ವು, ಅಲ್ವಾಮ್ಮ?” ಎನ್ನುತ್ತಾರೆ. “ಲವ್ಲಿ ಆಗಿದ್ವು,” ಎನ್ನುತ್ತೇನೆ. ಆ ಹಲ್ಲುಗಳನ್ನು ನಾವು ಮೂವರು ಹೆಂಗಸರು ನೋಡಿದೆವು. ಅವಳು ಮಾತ್ರ ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ.