ಸಂಜೆ ಆರರವರೆಗೆ ಒಬ್ಬರು

ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ನ ನಮ್ಮ ಪುಟ್ಟ ದೇವಸ್ಥಾನಕ್ಕೆ ಅಂಕಲ್ ಸೆಕ್ರೆಟರಿ, ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರಲ್ಲಿ ಕೆಲಸ. ಬ್ಯಾಂಕುಗಳು ಮುಳುಗುತ್ತಿದ್ದ ಆ ಚಳಿಗಾಲದಲ್ಲೂ ಟೈ ಇಲ್ಲದೆ ಅವರನ್ನು ಕಂಡವಳಲ್ಲ ನಾನು. ಬಾಗಿಲಿಗೆ ಕ್ಯಾಮೆರಾ, ಗಟ್ಟಿ ಬೀಗ ಹಾಕಿಸಲು ಸರ್ಕಾರದ ಸೆಕ್ಯೂರಿಟಿ ಗ್ರಾಂಟ್‌ಗೆ ಅರ್ಜಿ ಹಾಕಬೇಕಿತ್ತು. ಒಂದು ಶುಕ್ರವಾರ ರಜೆ ಹಾಕಿ, ದೇವಸ್ಥಾನದಲ್ಲೇ ಅವರ ಜೊತೆ ಟೈಪ್ ಮಾಡಲು ಕೂತೆ. ಅವರೂ ರಜೆ ಹಾಕಿದ್ದಾರೆ ಅಂದುಕೊಂಡೆ.

ಪ್ರತಿ ಕಾಲಮ್ಮಿಗೂ ಅವರದು ಒಂದೇ ಮಾತು: "ಬರೆದದ್ದು ನಿಜ ಇರಬೇಕಮ್ಮ." ಯಾರೋ ಬಾಗಿಲಿಗೆ ಮೊಟ್ಟೆ ಎಸೆದದ್ದನ್ನು ಬರೆಸಿ, ಆಮೇಲೆ "ಎರಡೇ ಮೊಟ್ಟೆ" ಎಂದು ತಿದ್ದಿಸಿದರು.

ವಾರದ ದಿನಗಳಲ್ಲಿ ಕಟ್ಟಡದಲ್ಲಿ ಎಷ್ಟು ಜನ ಇರುತ್ತಾರೆ ಎಂಬ ಪ್ರಶ್ನೆ ಬಂತು.

"ನಲವತ್ತು ಅಂತ ಹಾಕೋಣ ಅಂಕಲ್, ಚಾನ್ಸ್ ಜಾಸ್ತಿ," ಅಂದೆ.

"ಬೇಡ. ಅರ್ಚಕರು ಬೆಳಿಗ್ಗೆ ಒಂಬತ್ತಕ್ಕೆ ಪೂಜೆ ಮುಗಿಸಿ ಹೋಗ್ತಾರೆ. ಆಮೇಲೆ ಸಂಜೆ ಆರರವರೆಗೆ ಒಬ್ಬರು."

"ಯಾರು?"

"ನಾನೇ. ಕೆಲಸ ಹೋಗಿ ಮೂರು ತಿಂಗಳಾಯ್ತು. ಮನೇಲಿ ಹೇಳಿಲ್ಲ."

ಹಾಗೇ ಟೈಪ್ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಸರಿ ಎಂದರು.

ಆರಕ್ಕೆ ಬಾಗಿಲು ಹಾಕಿ, ಕೋಟು ತೊಟ್ಟು ಎದುರಿಗಿದ್ದ ಸ್ಟೇಷನ್ನಿಗೆ ನಡೆದರು. ನಾನು ಕಾರಿನಲ್ಲೇ ಕೂತು ನೋಡಿದೆ. ಮ್ಯಾನ್‌ಹ್ಯಾಟನ್ನಿನಿಂದ ಟ್ರೈನ್ ಬರುವವರೆಗೆ ಮೆಟ್ಟಿಲ ಕೆಳಗೆ ಕಾದಿದ್ದು, ಇಳಿದು ಬಂದವರ ಗುಂಪಿನಲ್ಲಿ ಸೇರಿಕೊಂಡು ಮನೆ ಕಡೆ ಹೋದರು.