ಅಮಾವಾಸ್ಯೆಯ ಪಾಳಿ

ಆ ಆಪ್ ಮಾಡಿದವಳು ನಾನು. ರಾಯಚೂರಿನ ನಮ್ಮ ಅಕ್ಕಿ ಮಿಲ್ಲಿಗೆ ದೇವದುರ್ಗ, ಮಾನ್ವಿ ಕಡೆಯ ಭತ್ತದ ಟ್ರ್ಯಾಕ್ಟರುಗಳು ಬಂದು ಎರಡೆರಡು ದಿನ ಗೇಟಿನಲ್ಲಿ ಕಾಯುತ್ತಿದ್ದವು. ರೈತರು ಊರಲ್ಲೇ ಕೂತು ಮೊಬೈಲಿನಲ್ಲಿ ಪಾಳಿ ಹಿಡಿಯಲಿ ಎಂದು, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ವಿಡಿಯೋ ನೋಡಿ ಕೋಡ್ ಬರೆಯುವುದನ್ನು ಕಲಿತೆ. ಗುಂಡಿಗಳ ಮೇಲೆ ಅವರ ಮಾತನ್ನೇ ಹಾಕಿದೆ: ‘ಒಣಗ್ಯಾದ’, ‘ಇನ್ನಾ ಹಸಿ ಅದ’. ದುಡಿದ ಹೆಬ್ಬೆರಳು ಅಗಲ, ಅದಕ್ಕೇ ಗುಂಡಿಗಳನ್ನು ದೂರದೂರ ಇಟ್ಟೆ.

ಆಪ್ ಮಾಡಿದವರ ಜಾಗದಲ್ಲಿ ಹೆಂಗಸಿನ ಹೆಸರಿದ್ದರೆ ವ್ಯಾಪಾರಿಗಳು ನಗುತ್ತಾರೆ ಎಂದು ಮೈದುನ ತಮ್ಮ ಹೆಸರು ಹಾಕಿಸಿಕೊಂಡರು. ಹಾಕಿಕೊಟ್ಟೆ. ಆಮೇಲೊಂದು ದಿನ ಬೇರೆ ಮಿಲ್ಲುಗಳ ಮಾಲೀಕರು ಮನೆಗೆ ಬಂದು ಹೊಗಳಿದಾಗ, ಚಹಾದ ತಟ್ಟೆ ಹಿಡಿದು ನಿಂತ ನನ್ನನ್ನು ತೋರಿಸಿ ಮೈದುನ ಅಂದರು: “ನಮ್ಮ ವೈನಿಗೆ ಮೊಬೈಲ್ ಅಂದ್ರ ಅಡಗಿ ವಿಡಿಯೋ ಅಷ್ಟ ರೀ.” ಎಲ್ಲರೂ ನಕ್ಕರು. ನನ್ನ ಗಂಡ ಬಸಿಯಲ್ಲಿ ಚೆಲ್ಲಿದ ಚಹಾ ನೋಡುತ್ತ ಕೂತರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕ್ಷಮೆಯನ್ನೂ ದುಂಡನೆಯ ಅಕ್ಷರವನ್ನೂ ಕಲಿಸಿದ್ದರು. ನನ್ನಲ್ಲಿ ಉಳಿದದ್ದು ಎರಡನೆಯದು.

ನಮ್ಮ ಮಿಲ್ಲು ಅಮಾವಾಸ್ಯೆಗೆ ತಿರುಗುವುದಿಲ್ಲ. ಯಂತ್ರಕ್ಕೆ ಕಾಯಿ ಒಡೆದು ಬೀಗ ಹಾಕುತ್ತಾರೆ. ಆ ದಿನ ಪಾಳಿ ಸಿಗದಂತೆ ಪಂಚಾಂಗ ನೋಡಿ ತಾರೀಖುಗಳನ್ನು ಆಪಿನಲ್ಲಿ ತುಂಬಿದ್ದೆ. ಹಳೆಯ ಪಂಚಾಂಗ ಯುಗಾದಿಗೆ ಮುಗಿಯಿತು. ಹೊಸದರ ತಾರೀಖು ತುಂಬಲಿಲ್ಲ. ಮರೆತೆ ಎಂದು ಸುಳ್ಳು ಬರೆಯಲಾರೆ. ಬೇಸಿಗೆಯ ಭತ್ತ ಕೊಯ್ಲಿಗೆ ಬರುವವರೆಗೆ ಕಾದೆ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಬೀಗ ಹಾಕಿದ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಅಮಾಸಿ ಎಂದು ರೈತರಿಗೆ ಗೊತ್ತಿತ್ತು. ಫೋನೇ ಪಾಳಿ ಕೊಟ್ಟ ಮೇಲೆ ಮಿಲ್ಲು ಪದ್ಧತಿ ಬಿಟ್ಟಿರಬೇಕು ಎಂದುಕೊಂಡಿದ್ದರು. ಮೈದುನ ಮಿಲ್ಲಿಗೆ ಅಂಟಿಕೊಂಡೇ ಇರುವ ನಮ್ಮ ಮನೆಯ ಅಡುಗೆಮನೆ ಬಾಗಿಲಿಗೆ ಬಂದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

“ವೈನಿ, ಒಂಚೂರು ನೋಡ್ರಿ. ಏನೋ ಕೆಟ್ಟದ.”

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀವ ಮಾಡಿದ್ದಲ್ರಿ, ನಿಮಗ ತಿಳೀತದ.”

ಹೊರಗೆ ಗದ್ದಲ ಏರಿತು.

“ಮಾಡಿದಾಕಿ ವೈನಿ ಅಂತ ಅಲ್ಲಿ ಹೇಳ್ರಿ. ಎಲ್ಲಾರಿಗೂ ಕೇಳಂಗ. ಆಮ್ಯಾಲ ಬರ್ತೀನಿ” ಎಂದೆ.

ಹೇಳಿದರು. ಕಿಟಕಿಯಿಂದ ಕೇಳಿಸಿಕೊಂಡೆ, ದನಿ ಸಣ್ಣದಿತ್ತು, ಆದರೂ ಸಾಕಾಯಿತು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದೆ. ಕಲ್ಲೂರಿನ ಮುದುಕರೊಬ್ಬರು ಟ್ರ್ಯಾಕ್ಟರಿನಿಂದ ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯವ್ವಾ, ನೀನ ಮಾಡೀಯಾ ಇದನ್ನ? ಹಂಗಾರ ಬೈಸ್ಕೊಳ್ಳಾಕೂ ನೀನ ನಿಲ್ಲಬೇಕು.”

ನಿಂತೆ. ಬಾಡಿಗೆ ಟ್ರ್ಯಾಕ್ಟರು, ಬಿಸಿಲು, ಬಿಟ್ಟು ಬಂದ ಕೆಲಸ ಎಲ್ಲವನ್ನೂ ಹೇಳಿ ಬೈದರು. ನ್ಯಾಯವಾಗಿಯೇ ಬೈದರು, ಅವರಿಗೆ ಮಾಡಿದ್ದು ತಪ್ಪೆಂದು ಇವತ್ತಿಗೂ ಚುಚ್ಚುತ್ತದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅಮಾವಾಸ್ಯೆಗಳನ್ನು ತುಂಬಿ, ಮರುದಿನದ ಮೊದಲ ಪಾಳಿಗಳನ್ನು ಗೇಟಿನಲ್ಲಿ ಕಾದವರಿಗೇ ಕೊಟ್ಟೆ. ಮೈದುನ ಮಧ್ಯೆ ಏನೋ ಹೇಳಲು ಬಾಯಿ ತೆರೆದರು. ಆ ಮುದುಕರು ತಿರುಗಿಯೂ ನೋಡದೆ, ಸ್ವಲ್ಪ ತಡಿಯಪ್ಪಾ, ಆಕಿ ಕೆಲಸ ಮಾಡಾಕತ್ತಾಳ ಎಂದರು.

ನಾನು ಬೇಕೆಂದೇ ನಿಧಾನವಾಗಿ ಟೈಪ್ ಮಾಡಿದೆ.