ಆಫ್ ಆಗದ ಪ್ಲೇಯರೂ ನನ್ನನ್ನು ನೋಡಲು ಬಂದವರೂ

ನನ್ನನ್ನು ನೋಡಲು ಬ್ರಹ್ಮಾವರದಿಂದ ಗಂಡಿನ ಕಡೆಯವರು ಉಪ್ಪುಂದಕ್ಕೆ ಬರುವ ಹಿಂದಿನ ದಿನವೇ ಅಣ್ಣ ಮುಂಬಯಿಯಿಂದ ಬಂದಿಳಿದ. ಅಲ್ಲಿ ಅವನು ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿದ್ದ. ಆಗಷ್ಟೇ ಟಚ್ ಸ್ಕ್ರೀನ್ ಫೋನುಗಳು ನಮ್ಮ ಕಡೆ ಕಾಣತೊಡಗಿದ್ದವು. ಅವುಗಳಿಗೆ ಸಡ್ಡು ಹೊಡೆಯಲು ಅಣ್ಣನ ಕಂಪನಿ ಹಾಡು, ವಿಡಿಯೋ ಹಾಕುವ ಅಂಗೈಯಗಲದ ಪ್ಲೇಯರೊಂದನ್ನು ಮಾಡುತ್ತಿತ್ತು. ಇನ್ನೂ ಅಂಗಡಿಗೆ ಬಾರದ ಅದರ ಮಾದರಿಯನ್ನು, ಬಳಸಿ ನೋಡಲೆಂದು ಅಣ್ಣ ಜೊತೆಗೆ ತಂದಿದ್ದ. ಹಿಂಬದಿಗೆ ಟೇಪು ಅಂಟಿಸಿದ್ದ ಅದನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದ.

ಗಂಡಿಗೆ ಬ್ರಹ್ಮಾವರದಲ್ಲಿ ಚಪ್ಪಲಿ ಅಂಗಡಿ. ಬಂದು ಜಗಲಿಯಲ್ಲಿ ಕುಳಿತವರೇ ಹೊಸ ಟಚ್ ಸ್ಕ್ರೀನ್ ಫೋನನ್ನು ಟೀಪಾಯಿಯ ಮೇಲಿಟ್ಟರು. ಅಣ್ಣನಿಗೆ ಅಷ್ಟೇ ಸಾಕಾಯಿತು.

"ಹ್ವಾಯ್, ಇದ್ನ ಕಾಣಿ. ಇದ್ರ ಮುಂದೆ ನಿಮ್ಮ ಫೋನ್ ಎಂತದೂ ಅಲ್ಲ," ಎಂದು ಪ್ಲೇಯರು ತಂದು ಯಕ್ಷಗಾನ ಹಾಕಿದ.

ಚೆಂಡೆಯ ಸದ್ದಿಗೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಅಪ್ಪಯ್ಯ ಕಿವಿ ಮುಚ್ಚಿಕೊಂಡು, "ಸಣ್ಣ ಮಾಡಾ ಮಾರಾಯ!" ಎಂದರು. ಅಣ್ಣ ಪರದೆಯನ್ನು ಎಷ್ಟು ತಿಕ್ಕಿದರೂ ಸದ್ದು ಇಳಿಯಲಿಲ್ಲ.

"ಹಂಗಾರೆ ಆಫ್ ಮಾಡ್!"

"ಆಫ್ ಬಟನ್ ಇನ್ನೂ ಕೂರ್ಸಲಿಲ್ಲೆ ಅಪ್ಪಯ್ಯ. ಅದ್ ಮುಂದಿನ ಮಾದರಿಗೆ ಬತ್ತ್."

ಅಷ್ಟರಲ್ಲಿ ಅಮ್ಮ ನನ್ನ ಕೈಗೆ ಕಾಫಿ ತಟ್ಟೆ ಕೊಟ್ಟು ಮುಂದೆ ದಬ್ಬಿದಳು. ನಾನು ಹೊಸ್ತಿಲು ದಾಟುವುದಕ್ಕೂ ಯಕ್ಷಗಾನದ ರಾಕ್ಷಸ ಅಬ್ಬರಿಸುತ್ತ ರಂಗಕ್ಕೆ ಬರುವುದಕ್ಕೂ ಸರಿಹೋಯಿತು. ಗಂಡಿನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಪ್ಲೇಯರು ಅಲ್ಲಿಗೇ ಸಿಕ್ಕಿಕೊಂಡು ಅದೇ ಅಬ್ಬರವನ್ನು ಮತ್ತೆ ಮತ್ತೆ ಕೇಳಿಸತೊಡಗಿತು. ನಾನು ಒಂದೊಂದು ಲೋಟ ಕೊಟ್ಟಾಗಲೂ ರಾಕ್ಷಸ ಕೂಗುತ್ತಿದ್ದ. ಮೂಲೆಯಲ್ಲಿ ಕುಳಿತಿದ್ದ ನಮ್ಮಜ್ಜಿಯೊಬ್ಬಳೇ ತಲೆದೂಗುತ್ತ, "ಇರ್ಲಿ ಬಿಡ್, ವೇಷ ಲಾಯ್ಕಿತ್ತ್," ಎಂದಳು.

ಗಂಡು ಮಾತ್ರ ನಗಲಿಲ್ಲ. ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಟೇಪು ಕಿತ್ತಾಗ ರೀಸೆಟ್ ಮಾಡುವ ಸಣ್ಣ ತೂತೊಂದು ಕಾಣಿಸಿತು. ತಲೆಯೆತ್ತದೆ ಕೈಚಾಚಿ, "ಹೇರ್‌ಪಿನ್ ಇತ್ತಾ?" ಎಂದರು. ನಾನು ತಲೆಯಿಂದ ಒಂದು ತೆಗೆದು ಕೊಟ್ಟೆ. ತೂತಿಗೆ ಚುಚ್ಚಿದ್ದೇ ರಾಕ್ಷಸ ಸುಮ್ಮನಾದ. ಆಮೇಲೂ, ಹೊರಡುವ ಹೊತ್ತಿನವರೆಗೂ, ಅವರೂ ಅಣ್ಣನೂ ಅದರ ಮೇಲೆಯೇ ಬಗ್ಗಿ ಕುಳಿತಿದ್ದರು.

ಸಂಜೆ ಗಂಡಿನ ತಾಯಿಯ ಫೋನು ಬಂತು. ಹೆಣ್ಣು ಹೇಗೆಂದು ಕೇಳಿದರೆ ಮಗ ತಲೆ ಕೆರೆದುಕೊಂಡನಂತೆ. "ಮಾಣಿ ಹೆಣ್ಣನ್ನೇ ಕಾಣ್ಲಿಲ್ಲೆ ಅಂತೆ ಮಾರಾಯ್ರೆ! ಇನ್ನೊಂದ್ ಸಲ ಬಂದ್ರೆ ಅಡ್ಡಿಲ್ಯಾ?"

ಅಮ್ಮನಿಗೆ ಸಿಟ್ಟು, ನನಗೆ ನಗು. ಅವರು ಮತ್ತೆ ಬರುವಷ್ಟರಲ್ಲಿ ಅಣ್ಣ ಪ್ಲೇಯರಿನೊಂದಿಗೆ ಮುಂಬಯಿಗೆ ಹೋಗಿಯಾಗಿತ್ತು. ಕಂಪನಿ ಅದನ್ನು ಮಾರುಕಟ್ಟೆಗೆ ತರಲೇ ಇಲ್ಲ.

ಈ ಸಲ ಗಂಡು ಫೋನನ್ನು ಕಾರಿನಲ್ಲೇ ಬಿಟ್ಟು ಬಂದು, ಪರೀಕ್ಷೆಗೆ ಕುಳಿತವರಂತೆ ನನ್ನನ್ನೇ ನೋಡುತ್ತಿದ್ದರು. ಹಿರಿಯರು ನಮ್ಮಿಬ್ಬರನ್ನೇ ಜಗಲಿಯಲ್ಲಿ ಬಿಟ್ಟಾಗ ನಾನು ಕೇಳಿದೆ: "ಅವತ್ತ್ ಪಿನ್ ಕೊಟ್ಟದ್ ಯಾರಂತಾರೂ ಗೊತ್ತಿತ್ತಾ?"

ಅವರು ಸ್ವಲ್ಪ ಯೋಚಿಸಿ, "ನಿಮ್ಮ ಅಜ್ಜಿ ಅಲ್ದಾ?" ಎಂದರು.

ಒಳಗೆ ಹೋದೆ. "ಎಂತ ಹೇಳಿದ್ರ್?" ಎಂದು ಅಮ್ಮ ಪಿಸುಗುಟ್ಟಿದಳು.

"ಸುಳ್ಳ್ ಹೇಳುಕೆ ಬತ್ತಿಲ್ಲೆ ಅವ್ರಿಗೆ," ಎಂದೆ. "ನಂಗೆ ಅಡ್ಡಿಲ್ಲೆ."